ಗಾಳಿಗೆ ಬಿಡದ ಮನೆ

ಮಗುವಿನ ಬಟ್ಟೆಗಳನ್ನು ನಾವಿಬ್ಬರೂ ಮಡಚುತ್ತಿದ್ದೆವು. ಸತ್ಯಾ ಮಂಚದ ಮೇಲೆ, ನಾನು ನೆಲದ ಮೇಲೆ, ನಡುವೆ ಬುಟ್ಟಿ. ಅಪ್ಪನ ಹಳೆಯ ವೇಷ್ಟಿ ಪಂಚೆ ಹರಿದು ಮಾಡಿದ ತುಂಡುಗಳು. ಅವಳೊಂದು ಮಡಚಿ ಇಡುತ್ತಿದ್ದಳು, ಅದರ ಮೇಲೆ ನಾನೊಂದು ಇಡುತ್ತಿದ್ದೆ. ಸೀರೆಯ ಜೋಲಿಯಲ್ಲಿ ಮಗು ಮಲಗಿತ್ತು, ಅದರ ಮೂಗು ಗೊರಗೊರ ಎನ್ನುತ್ತಿತ್ತು. ಎಸಿ ಓಡುತ್ತಿತ್ತು. ಎರಡು ಕಿಟಕಿಗಳನ್ನೂ ಮುಚ್ಚಿ, ಸಂದಿಗೆ ಅಮ್ಮ ಬಟ್ಟೆ ತುರುಕಿದ್ದಳು. ಆಡಿ ತಿಂಗಳ, ಆಷಾಢದ ಗಾಳಿ ಬೆಟ್ಟದ ಕಡೆಯಿಂದ ಇಳಿದು ನಮ್ಮ ದ್ರಾಕ್ಷಿ ಚಪ್ಪರವನ್ನು ಅಲ್ಲಾಡಿಸುತ್ತಿತ್ತು. ಒಳಗೆ ಅದರ ಸದ್ದು ಮಾತ್ರ ಕೇಳುತ್ತಿತ್ತು.

ಸತ್ಯಾ ಕೈಯಲ್ಲಿದ್ದ ತುಂಡಿನಿಂದಲೇ ಕಣ್ಣೊರೆಸಿಕೊಂಡಳು. ಸ್ವಲ್ಪ ಹೊತ್ತಿಗೆ ಮತ್ತೆ ಒರೆಸಿಕೊಂಡಳು. ಅಷ್ಟರಲ್ಲಿ ಅಮ್ಮ ಕಷಾಯ ಹಿಡಿದು ಒಳಗೆ ಬಂದವಳು ಅದನ್ನು ನೋಡಿದಳು.

"ಇನ್ನೂ ಬೋಡಿ ನೆನಪಾ? ಇಲ್ಲಿ ಏನ್ ಕೊರೆ ನಿಂಗೆ?"

"ಅಳ್ತಿಲ್ಲೆ ಅತ್ತೆ. ಕಣ್ಣು ಉರೀತದೆ, ಅಷ್ಟೇ."

ಅಮ್ಮ ನಂಬಲಿಲ್ಲ. ಬೋಡಿಯ ತಾಯಿಮನೆ ಬಿಟ್ಟು ಬಂದ ಹುಡುಗಿ ಅತ್ತರೆ ಅದಕ್ಕೆ ಬೇರೆ ಕಾರಣ ಇರಬಹುದೆಂದು ಅವಳಿಗೆ ಹೊಳೆಯುವುದೇ ಇಲ್ಲ. ನನ್ನ ಕಣ್ಣೂ ಉರಿಯುತ್ತಿತ್ತು. ನಾನು ಒರೆಸಿಕೊಳ್ಳಲಿಲ್ಲ. ಯಾಕೆ ಉರಿಯುತ್ತದೆಂದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಸತ್ಯಾ ನನ್ನ ಸೋದರಮಾವನ ಮಗಳು. ಎಂಟನೇ ಕ್ಲಾಸಿನವರೆಗೂ ನಾವು ಒಂದೇ ಬೆಂಚಿನವರು; ಮಾವ ಆಗ ನಮ್ಮ ಹನುಮಂತನಪಟ್ಟಿಯಲ್ಲೇ ಇದ್ದ. ಆ ವರ್ಷ ಅಮ್ಮನ ಮಂಡಿ ಕೆಟ್ಟಿತು, ದ್ರಾಕ್ಷಿ ಕೊಯ್ಲಿಗೆ ಕೈ ಬೇಕಾಯಿತು, ನಾನು ಶಾಲೆ ನಿಲ್ಲಿಸಿಬಿಟ್ಟೆ. ಅವಳು ಓದಿದಳು. ಮಾವ ಬೋಡಿಗೆ ಹೋಗಿ ಏಲಕ್ಕಿ ವ್ಯಾಪಾರ ಹಿಡಿದ ಮೇಲೆ ತೇನಿಯ ಕಾಲೇಜಿಗೂ ಹೋದಳು. ಹೋದ ವರ್ಷ ನಮ್ಮಣ್ಣ ಮಾದವನ್ ಅವಳನ್ನು ಕಟ್ಟಿಕೊಂಡ. ನನಗಿಂತ ನಾಲ್ಕು ತಿಂಗಳು ಚಿಕ್ಕವಳು. ಮದುವೆಯ ದಿನದಿಂದ ನಾನು ಅವಳನ್ನು ಅತ್ತಿಗೆ ಎನ್ನಬೇಕು. ಅವಳು ನನ್ನನ್ನು ಅಮುದಾ ಎಂದೇ ಕರೆಯುತ್ತಾಳೆ.

ಶಾಲೆ ಬಿಟ್ಟ ಕೆಲವು ವರ್ಷದ ಮೇಲೆ ನಾನು ಬತ್ತಲಗುಂಡಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಒಂದು ಷೆಡ್ಡಿನಲ್ಲಿ ಕೆಲಸ ಮಾಡಿದೆ. ಅಲ್ಲಿ ಮನೆ ಮಾಡುತ್ತಾರೆ. ಇಟ್ಟಿಗೆಯ ಮನೆಯಲ್ಲ. ಕಬ್ಬಿಣದ ಚೌಕಟ್ಟು ಬೆಸೆದು, ಗೋಡೆಗೂ ನೆಲಕ್ಕೂ ಬೋರ್ಡು ಕೂರಿಸಿ, ಬೀರು ಅಡುಗೆಕಟ್ಟೆ ಎಲ್ಲವನ್ನೂ ಒಳಗೇ ಮಾಡಿ, ಲಾರಿಗೆ ಏರಿಸಿ ಕಳಿಸುವ ಮನೆ. ಬೆಟ್ಟದ ಮೇಲಿನ ತೋಟಗಳಿಗೆ, ರಸ್ತೆ ಕೆಲಸದವರಿಗೆ ಹೋಗುತ್ತಿದ್ದವು. ಮರದ ಪುಡಿಯನ್ನು ಗೋಂದಿನಲ್ಲಿ ಕಲಸಿ ಒತ್ತಿದ ಬೋರ್ಡುಗಳು ಅವು. ಅದರ ಮೇಲೆ ಬಣ್ಣದ ಹಾಳೆ ಅಂಟಿಸುವುದು ಹೆಂಗಸರ ಕೆಲಸ. ಎರಡು ವರ್ಷ ಅಂಟಿಸಿದೆ. ಹೊಸ ಬೋರ್ಡಿನ ಕಟ್ಟು ಬಿಚ್ಚಿದ ದಿನ ಈರುಳ್ಳಿ ಹೆಚ್ಚಿದ ಹಾಗೆ ಎಲ್ಲರ ಕಣ್ಣಲ್ಲೂ ನೀರು.

ಒಂದು ಸಲ ಕೊಯಮತ್ತೂರಿನಿಂದ ಒಬ್ಬರು ಕೈಯಲ್ಲಿ ಹಿಡಿಯುವಷ್ಟು ಸಣ್ಣ ಯಂತ್ರ ತಂದು ಮುಗಿದ ಮನೆಯೊಂದರ ಒಳಗಿಟ್ಟರು. ಬಾಗಿಲು ಹಾಕಿದಾಗ ಅಂಕಿ ಏರಿತು, ತೆರೆದಾಗ ಇಳಿಯಿತು. ಗೋಂದಿನಿಂದ ಒಂದು ಅನಿಲ ಬರುತ್ತದೆ, ಹೆಸರು ಫಾರ್ಮಾಲ್ಡಿಹೈಡ್ ಎಂದರು. ಕಣ್ಣಿಗೆ ಕಾಣುವುದಿಲ್ಲ, ಬಿಸಿಲು ಹೆಚ್ಚಾದಷ್ಟೂ ಹೆಚ್ಚು ಬರುತ್ತದೆ, ಮೊದಲ ತಿಂಗಳುಗಳಲ್ಲೇ ಜೋರು. ದೊಡ್ಡವರಿಗೆ ಕಣ್ಣುರಿ, ಗಂಟಲುರಿ, ತಲೆನೋವು. ಮಕ್ಕಳಿಗೆ ಉಸಿರೇ ಕಷ್ಟ. ಆ ಹೆಸರನ್ನು ನಾನು ಅಂದು ಹಾಳೆ ಅಂಟಿಸುತ್ತಾ ತುಂಡು ತುಂಡಾಗಿ ಬಾಯಲ್ಲಿ ಹೇಳಿಕೊಂಡು ಕಲಿತೆ. ಸತ್ಯಾಗೆ ಗೊತ್ತಿಲ್ಲದ ಒಂದು ಮಾತು ನನಗೆ ಗೊತ್ತಾಯಿತೆಂಬ ಸಂತೋಷಕ್ಕೆ.

ಅಂದಿನಿಂದ ನಮ್ಮ ಮೇಸ್ತ್ರಿ ದುರೈ ಮುಗಿದ ಮನೆಗಳ ಬಾಗಿಲು, ಕಿಟಕಿ, ಬೀರುವಿನ ಕದ ಎಲ್ಲವನ್ನೂ ತೆರೆದು ಹಿತ್ತಲಲ್ಲಿ ನಲವತ್ತು ದಿನ ಸಾಲಾಗಿ ನಿಲ್ಲಿಸುತ್ತಿದ್ದ. ಅದಕ್ಕೆ ಗಾಳಿಗೆ ಬಿಡುವುದು ಎನ್ನುತ್ತಿದ್ದೆವು. ಬೆಳಗ್ಗೆ ಹೋದರೆ ಆ ಮನೆಗಳಲ್ಲಿ ಮೈನಾ ಹಕ್ಕಿಗಳು ಕೂತಿರುತ್ತಿದ್ದವು. ಅವುಗಳಲ್ಲೊಂದು ಮನೆಯ ಗೋಡೆಗೆ ನಾನೇ ನೀಲಿ ಹಾಳೆ ಅಂಟಿಸಿದ್ದೆ. ಊಟದ ಹೊತ್ತಿನಲ್ಲಿ ಅದರ ಒಳಗೆ ಹೋಗಿ ಕೂರುತ್ತಿದ್ದೆ. ಇಲ್ಲಿ ಹೊಲಿಗೆ ಮೆಷಿನ್, ಇಲ್ಲಿ ಕನ್ನಡಿ ಎಂದು ಮನಸ್ಸಿನಲ್ಲೇ ಜಾಗ ಮಾಡುತ್ತಿದ್ದೆ.

ಊರಿಗೆ ಮರಳಿದ ಮೇಲೆ ಅಣ್ಣನಿಗೆ ಆ ಮನೆಗಳ ಬಗ್ಗೆ ಹೇಳಿದವಳು ನಾನೇ. ದ್ರಾಕ್ಷಿಯ ನೆಲ ಅಗೆದು ಅಡಿಪಾಯ ಹಾಕಲು ಅಪ್ಪ ಒಪ್ಪುವುದಿಲ್ಲ, ಇದಾದರೆ ನಾಲ್ಕು ಕಲ್ಲಿನ ಮೇಲೆ ಕೂರುತ್ತದೆ, ತೋಟದ ಮೂಲೆಯಲ್ಲಿ ಒಂದು ಸಣ್ಣದು ಇಟ್ಟರೆ ನಾನಲ್ಲಿ ಹೊಲಿಗೆ ಹಾಕಿಕೊಳ್ಳುತ್ತೇನೆ ಎಂದೆ. ಅಣ್ಣ ಪೂರ್ತಿ ಕೇಳಿದ. ಒಳ್ಳೆಯ ಯೋಚನೆ ಎಂದ. ಈ ವರ್ಷ ಸತ್ಯಾ ಹೆರಿಗೆಗೆ ಬೋಡಿಗೆ ಹೋದಾಗ ಆರ್ಡರ್ ಕೊಟ್ಟ. ಸಣ್ಣದಲ್ಲ, ದೊಡ್ಡದು. ಹಳೆಯ ಮನೆ ನಾಲ್ಕು ಜನಕ್ಕೇ ಇಕ್ಕಟ್ಟು, ಮಗುವನ್ನು ಕರೆದುಕೊಂಡು ಅವಳು ನೇರವಾಗಿ ಹೊಸ ಮನೆಗೇ ಬರಲಿ ಎಂದ. ಗೋಡೆಗೆ ಯಾವ ಬಣ್ಣ ಎಂದು ಫೋನಿನಲ್ಲಿ ಕೇಳಿದಾಗ ಅವಳು ನೀಲಿ ಎಂದಳಂತೆ.

ಮನೆ ತಯಾರಾಗುವುದು ತಡವಾಯಿತು. ಆಡಿ ಹುಟ್ಟಿದರೆ ಹೊಸ ಮನೆಯಲ್ಲಿ ಹಾಲು ಕಾಯಿಸಿ ಒಕ್ಕಲು ಹೋಗುವಂತಿಲ್ಲ. ಆಡಿಯಲ್ಲಿ ನಮ್ಮವರು ಹೊಸದೇನನ್ನೂ ಶುರು ಮಾಡುವುದಿಲ್ಲ. ಅದಕ್ಕೆ ಮೊದಲಿನ ಆಣಿ ತಿಂಗಳ ಕೊನೆಯ ಮುಹೂರ್ತಕ್ಕೆ ಮೂರು ದಿನ ಉಳಿದಿತ್ತು. ಕೆಲಸ ಗೊತ್ತಿದ್ದವಳೆಂದು ಅಣ್ಣ ನನ್ನನ್ನೂ ಬತ್ತಲಗುಂಡಿಗೆ ಕರೆದುಕೊಂಡು ಹೋದ. ಮನೆಯ ಕೊನೆಯ ಹಾಳೆ ಅಂಟಿಸಿ ಎರಡು ದಿನವೂ ಆಗಿರಲಿಲ್ಲ. ಬಾಗಿಲು ತೆಗೆದ ಕೂಡಲೇ ಗಂಟಲು ಹಿಡಿಯಿತು. ಈಗ ಒಯ್ಯಲೇಬೇಕೆಂದರೆ ಒಯ್ಯಿರಿ, ಹಾಲು ಕಾಯಿಸಿ ಬಾಗಿಲು ಕಿಟಕಿ ತೆರೆದಿಟ್ಟುಬಿಡಿ, ನಲವತ್ತು ದಿನ ಅಲ್ಲಿ ಮಲಗಬೇಡಿ ಎಂದು ದುರೈ ಹೇಳಿದ್ದು ನನಗೆ. ಅಣ್ಣ ಆಗ ಕ್ರೇನಿನವನ ಹತ್ತಿರ ನಿಂತಿದ್ದ. ಅಮುದಾಗೆ ಎಲ್ಲಾ ಗೊತ್ತಲ್ಲ, ಮನೆಯಲ್ಲಿ ಅವಳೇ ಹೇಳುತ್ತಾಳೆ ಎಂದು ದುರೈ ತನ್ನ ಕೆಲಸಕ್ಕೆ ಹೋದ.

ಲಾರಿ ಹೊರಡುವ ಮೊದಲು ಅಣ್ಣ ಕೇಳಿದ, "ಎಲ್ಲಾ ಸರಿ ಅದೆಯಾ ಅಮ್ದಾ?"

"ಸರಿ ಅದೆ" ಎಂದೆ.

ಬತ್ತಲಗುಂಡಿನಿಂದ ತೇನಿ, ತೇನಿಯಿಂದ ಊರು, ದಾರಿಯುದ್ದಕ್ಕೂ ಅವನ ಪಕ್ಕದಲ್ಲೇ ಕೂತಿದ್ದೆ. ಹೇಳಬಹುದಿತ್ತು. ಅವನು ಆ ಹೊತ್ತೆಲ್ಲಾ ಫೋನಿನಲ್ಲಿ ಸತ್ಯಾಗೆ ಮನೆಯನ್ನು ವರ್ಣಿಸುತ್ತಿದ್ದ. ಕಿಟಕಿ ಇಷ್ಟಗಲ, ಬೀರು ಇಷ್ಟೆತ್ತರ, ನಿನ್ನ ನೀಲಿ. ನಿನ್ನ ನೀಲಿ ಎಂದು ಎರಡು ಸಲ ಹೇಳಿದ. ಆಗ ನನ್ನೊಳಗೆ ಏನೋ ಬಾಗಿಲು ಹಾಕಿಕೊಂಡಿತು. ಒಂದೆರಡು ದಿನ ಕಣ್ಣುರಿದರೆ ಉರಿಯಲಿ ಎಂದುಕೊಂಡೆ. ಮಗುವನ್ನು ನೆನೆಯಲಿಲ್ಲ. ನೆನೆಯಲಿಲ್ಲ ಎಂದು ಬರೆಯುವುದು ಸುಲಭ. ನೆನಪನ್ನು ಬರಗೊಡಲಿಲ್ಲ ಎನ್ನುವುದು ನಿಜ.

ಹಾಲು ಕಾಯಿಸಿದ ದಿನ ಬಂದವರೆಲ್ಲಾ ಮೂಗು ಮುಟ್ಟಿಕೊಂಡು ಹೊಗಳಿದರು. ಹೊಸ ಮನೆ ಎಂದರೆ ಹೊಸ ವಾಸನೆ ಇರಬೇಕು, ಹೊಸ ಸೀರೆಗಿಲ್ಲವಾ ಎಂದು ಅಮ್ಮ ನಗಾಡಿದಳು. ಆ ವಾಸನೆ ಒಳ್ಳೆಯದಲ್ಲ ಎಂದು ನಾನು ಸತ್ಯಾಗೆ ಮೆಲ್ಲಗೆ ಅಂದೆ. ಅಷ್ಟೇ ಅಂದೆ, ಹೆಚ್ಚೇನೂ ಹೇಳಲಿಲ್ಲ. ಅವಳು ಹತ್ತು ಜನರ ಎದುರು ನಕ್ಕಳು.

"ನಿಂಗೆ ಎಲ್ಲಾ ವಾಸ್ನೆನೂ ಗೊತ್ತು ಅಮುದಾ. ಪಾಠದ ವಾಸ್ನೆ ಒಂದ್ ಬಿಟ್ಟು."

ತಮಾಷೆಗೆ ಹೇಳಿದ್ದಿರಬಹುದು. ಹತ್ತು ಜನರೂ ನಕ್ಕರು. ನಾನೂ ನಕ್ಕೆ. ಇನ್ನು ಹೇಳುವುದಿಲ್ಲ ಎಂದು ಆವತ್ತೇ ತೀರ್ಮಾನ ಮಾಡಿದೆ.

ಒಂದು ವಾರಕ್ಕೆ ಮಗು ಕೆಮ್ಮತೊಡಗಿತು. ಮೂರು ತಿಂಗಳ ಹೆಣ್ಣು ಕೂಸು. ಕುಟ್ಟಿ ಎಂದು ಕರೆಯುತ್ತೇವೆ. ಕಣ್ಣಿನ ಅಂಚು ಕೆಂಪಾಯಿತು. ಕೂಸಿಗೆ ಗಾಳಿ ತಾಗಿದೆ ಎಂದು ಅಮ್ಮ ಕಿಟಕಿ ಸಂದಿಗಳನ್ನೂ ಮುಚ್ಚಿದಳು. ಕೆಮ್ಮು ಹೆಚ್ಚಾಯಿತು. ಉತ್ತಮಪಾಳ್ಯಕ್ಕೆ ಕರೆದೊಯ್ದರು. ಮನೆಯಲ್ಲಿ ಹೊಗೆ ದೂಳು ಏನಾದರೂ ಇದೆಯಾ ಎಂದು ಡಾಕ್ಟರು ಕೇಳಿದರಂತೆ. ಹೊಚ್ಚ ಹೊಸ ಮನೆ ಡಾಕ್ಟರ್, ಒಂದು ಕಣ ದೂಳಿಲ್ಲ ಎಂದು ಅಣ್ಣ ಹೇಳಿದನಂತೆ. ಅವರು ಸಿರಪ್ಪು, ಕಣ್ಣಿಗೆ ಹನಿ ಕೊಟ್ಟು ಕಳಿಸಿದರು.

ನಾನು ದಿನವೂ ಬೆಳಗ್ಗೆ ಹಳೆಯ ಮನೆಯಿಂದ ಊಟ ತೆಗೆದುಕೊಂಡು ತೋಟದ ಹೊಸ ಮನೆಗೆ ಬರುತ್ತಿದ್ದೆ. ಸತ್ಯಾ ಸ್ನಾನಕ್ಕೆ ಹೋದಾಗ ಕುಟ್ಟಿಯನ್ನೆತ್ತಿಕೊಂಡು ಚಪ್ಪರದ ಕೆಳಗೆ ಹೋಗುತ್ತಿದ್ದೆ. ಗಾಳಿಗೆ ಎಲೆಗಳು ಸದ್ದು ಮಾಡುತ್ತಿದ್ದವು, ಅದು ಮೇಲೆ ನೋಡುತ್ತಾ ಸುಮ್ಮನಾಗುತ್ತಿತ್ತು. ಅರ್ಧ ಗಂಟೆಯಲ್ಲಿ ಮೂಗಿನ ಗೊರಗೊರ ನಿಲ್ಲುತ್ತಿತ್ತು, ನನ್ನ ಹೆಗಲ ಮೇಲೆ ನಿದ್ದೆ ಹೋಗುತ್ತಿತ್ತು. ಒಳಗೆ ತಂದು ಜೋಲಿಯಲ್ಲಿ ಹಾಕಿದ ಸ್ವಲ್ಪ ಹೊತ್ತಿಗೆ ಮತ್ತೆ ಕೆಮ್ಮು, ಅಳು.

ಇದನ್ನು ಮೊದಲು ಗಮನಿಸಿದವಳು ಅಮ್ಮ. "ಅತ್ತೆ ಕೈ ಅಂದ್ರೆ ಅತ್ತೆ ಕೈ. ಅಮ್ದಾ ಎತ್ತಿದ್ರೆ ಬಾಯೇ ತೆಗೆಯಲ್ಲ ನೋಡು ಕೂಸು" ಎಂದಳು. ಸತ್ಯಾ ಅಲ್ಲೇ ಇದ್ದಳು. ಅವಳ ಮುಖ ಸಣ್ಣದಾದದ್ದನ್ನು ನಾನು ನೋಡಿದೆ.

ಅದು ನನ್ನ ಕೈಯ ಗುಣವಲ್ಲ, ಹೊರಗಿನ ಗಾಳಿಯ ಗುಣ. ನನಗೆ ಗೊತ್ತಿತ್ತು. ಆದರೂ ಸುಮ್ಮನಿದ್ದೆ. ಎಂಟನೇ ಕ್ಲಾಸಿನಿಂದ ಈಚೆಗೆ ಸತ್ಯಾ ನನ್ನನ್ನು ನೋಡಿ ಹೊಟ್ಟೆ ಉರಿದುಕೊಂಡದ್ದು ಅದೇ ಮೊದಲು. ಎಷ್ಟು ರುಚಿಯಾಗಿತ್ತೆಂದರೆ ನಾಲ್ಕು ದಿನ ನಾನದನ್ನು ತಿಂದೆ. ಅವಳು ಬಚ್ಚಲಿಗೆ ಹೋಗುವುದನ್ನೇ ಕಾಯುತ್ತಿದ್ದೆ. ಕುಟ್ಟಿಯನ್ನು ಒಳಗೆ ತರುವಾಗ ಬೇಕೆಂದೇ ಅವಳ ಕೈಗೇ ಕೊಡುತ್ತಿದ್ದೆ, ಅವಳ ಕೈಯಲ್ಲೇ ಅಳಲಿ ಎಂದು.

ಐದನೇ ದಿನ ಅವಳು ಕೊಡಲಿಲ್ಲ. ಮಗುವನ್ನು ಎದೆಗೆ ಒತ್ತಿಕೊಂಡು, "ಬ್ಯಾಡ, ನನ್ನ ಹತ್ರ ಪಳಗಲಿ. ಎಷ್ಟ್ ಅತ್ರೂ ಇನ್ಮೇಲೆ ನಾನೇ ಇಟ್ಕೊಳ್ತೀನಿ" ಎಂದಳು. ಅಂದಿನಿಂದ ಕುಟ್ಟಿ ಹೊರಗೆ ಬರಲಿಲ್ಲ. ಅದಕ್ಕೆ ಸಿಗುತ್ತಿದ್ದ ಆ ಒಂದು ಗಂಟೆಯ ಗಾಳಿಯೂ ಹೋಯಿತು. ನಾವಿಬ್ಬರೂ ಸೇರಿ ಅದನ್ನು ಕಿತ್ತುಕೊಂಡೆವು.

ಮೂರು ದಿನಕ್ಕೆ ಕೂಸಿನ ಉಸಿರಲ್ಲಿ ಸೀಟಿಯಂಥ ಸದ್ದು ಬಂತು. ಹಾಲು ಕುಡಿಯುವಾಗ ನಡುವೆ ಬಿಟ್ಟು ಬಾಯಿ ತೆರೆದು ಉಸಿರೆಳೆಯುತ್ತಿತ್ತು. ಪಕ್ಕೆಲುಬಿನ ಕೆಳಗೆ ಚರ್ಮ ಒಳಗೆ ಹೋಗಿ ಬರುತ್ತಿತ್ತು. ನಾನು ಬುಟ್ಟಿ ಹಿಡಿದುಕೊಂಡು ಬಾಗಿಲಲ್ಲೇ ನಿಂತೆ. ರುಚಿಯೆಲ್ಲ ಅಲ್ಲಿಗೆ ಇಳಿದು ಹೋಯಿತು.

ಅಂದು ಹೇಳಬೇಕೆಂದು ಬಾಯಿ ತೆಗೆಯುವ ಹೊತ್ತಿಗೆ ಅಮ್ಮ ಬೇರೊಂದು ತೀರ್ಮಾನಕ್ಕೆ ಬಂದಾಗಿತ್ತು. ಕೂಸಿಗೆ ದಿಟ್ಟಿ ತಾಗಿದೆ. ಯಾರ ದಿಟ್ಟಿ ಎಂದು ಅವಳು ಹೇಳಲಿಲ್ಲ. ನಾನು ಮೆಟ್ಟಿಲಿಳಿದು ಬಾವಿಯ ಕಡೆ ಹೋಗಿ ತಿರುಗಿ ನೋಡಿದರೆ, ಅಮ್ಮ ಮಂಡಿ ನೋವಿನಲ್ಲೂ ಬಗ್ಗಿ ಕೂತು, ಒದ್ದೆ ನೆಲದಲ್ಲಿ ಮೂಡಿದ್ದ ನನ್ನ ಹೆಜ್ಜೆಯ ಮಣ್ಣನ್ನು ಮೂರು ಬೆರಳಲ್ಲಿ ಕೆರೆದು ಕಾಗದಕ್ಕೆ ಹಾಕುತ್ತಿದ್ದಳು. ನನ್ನನ್ನು ನೋಡಿದಳು. ಮಣ್ಣನ್ನು ಕೆಳಗೆ ಹಾಕಲಿಲ್ಲ.

ನಮ್ಮಲ್ಲಿ ಹಾಗೆ ಮಾಡುತ್ತಾರೆ. ಯಾರ ಮೇಲೆ ಅನುಮಾನವೋ ಅವರ ಕಾಲಡಿ ಮಣ್ಣು, ಉಪ್ಪು, ಒಣಮೆಣಸಿನಕಾಯಿ ಸೇರಿಸಿ ಕೂಸಿಗೆ ಮೂರು ಸಲ ಇಳಿ ತೆಗೆದು ಕೆಂಡಕ್ಕೆ ಹಾಕುತ್ತಾರೆ. ಮೆಣಸಿನಕಾಯಿ ಘಾಟು ಬಂದರೆ ಆ ಅನುಮಾನ ಸುಳ್ಳು. ಘಾಟು ಬರದಿದ್ದರೆ ದಿಟ್ಟಿ ಅವರದ್ದೇ. ಹೊಸ ಮನೆಯ ಬಿಳಿ ನೆಲದ ಮೇಲೆ ಕೆಂಡ ಇಡುವುದು ಬೇಡವೆಂದು ಅಮ್ಮ ಹೊರಗೆ, ಚಪ್ಪರದ ಪಕ್ಕದ ಬಯಲಲ್ಲಿ ಇಟ್ಟಳು. ಆಡಿಯ ಗಾಳಿ ನೆಲದ ಎಲೆಗಳನ್ನೇ ಎತ್ತಿಕೊಂಡು ಹೋಗುತ್ತಿತ್ತು. ಮೆಣಸಿನಕಾಯಿ ಚಟಚಟ ಸಿಡಿಯಿತು, ಹೊಗೆ ಎದ್ದ ಕೂಡಲೇ ಕಂಬಂ ರಸ್ತೆಯ ಕಡೆಗೆ ಹಾರಿಹೋಯಿತು. ನಾವೆಲ್ಲಾ ಸುತ್ತ ನಿಂತಿದ್ದೆವು. ಯಾರಿಗೂ ಕೆಮ್ಮು ಬರಲಿಲ್ಲ.

ಅಮ್ಮ ನನ್ನ ಕಡೆ ನೋಡಲಿಲ್ಲ. ಸತ್ಯಾ ನೋಡಿದಳು. ಸೆರಗಿನಿಂದ ಮಗುವಿನ ಮುಖ ಮುಚ್ಚಿದಳು. ನನ್ನ ಕಣ್ಣಿಗೆ ಬೀಳದ ಹಾಗೆ.

ಅದು ಮಧ್ಯಾಹ್ನದ ಹೊತ್ತು. ಅಣ್ಣ ದಿಂಡಿಗಲ್ ಮಾರುಕಟ್ಟೆಗೆ ದ್ರಾಕ್ಷಿ ಕಳಿಸಿ ಆಗಷ್ಟೇ ಬಂದಿದ್ದ. ಅಪ್ಪ ಮಾರಿಮುತ್ತು ಕಂಬಕ್ಕೆ ಒರಗಿ ಕೂತಿದ್ದ. ಅವನು ಇಂಥ ವಿಷಯಕ್ಕೆ ಬಾಯಿ ಹಾಕುವವನಲ್ಲ. ಎಲ್ಲರೂ ಒಟ್ಟಿಗಿದ್ದದ್ದು ಅದೇ ಹೊತ್ತು. ನಾಲ್ಕು ಜನರ ಎದುರು ನಿಂತು ಮಾತಾಡಿ ನನಗೆ ಅಭ್ಯಾಸವಿಲ್ಲ. ಕೆಂಡವನ್ನು ನೋಡುತ್ತಾ ಶುರು ಮಾಡಿದೆ.

ಬೋರ್ಡಿನ ಗೋಂದು, ಅದರಿಂದ ಬರುವ ಅನಿಲ, ಬಿಸಿಲಿಗೆ ಹೆಚ್ಚಾಗುವುದು, ಎಸಿ ಒಳಗಿನ ಗಾಳಿಯನ್ನೇ ತಂಪು ಮಾಡಿ ತಿರುಗಿಸುತ್ತದೆ, ಹೊಸ ಗಾಳಿ ತರುವುದಿಲ್ಲ ಎನ್ನುವುದು, ಷೆಡ್ಡಿನ ಹಿತ್ತಲಲ್ಲಿ ಮನೆಗಳನ್ನು ನಲವತ್ತು ದಿನ ತೆರೆದಿಡುವುದು, ಈ ಮನೆಯನ್ನು ಎರಡು ದಿನವೂ ಇಡಲಿಲ್ಲ ಎನ್ನುವುದು, ಎಲ್ಲಾ ಹೇಳಿದೆ. ಫಾರ್ಮಾಲ್ಡಿಹೈಡ್ ಎನ್ನುವಾಗ ಮಾತ್ರ ನಾಲಿಗೆ ತೊಡರಲಿಲ್ಲ. ಕುಟ್ಟಿ ಸುಮ್ಮನಾಗುತ್ತಿದ್ದದ್ದು ನನ್ನ ಕೈಗಲ್ಲ, ಚಪ್ಪರದ ಗಾಳಿಗೆ ಎಂದೂ ಹೇಳಿದೆ.

ಸತ್ಯಾ ತಲೆಯೆತ್ತಿದಳು. ಒಂದು ಗಳಿಗೆ ಅವಳು ನಂಬಿದಳೆಂದೇ ನನಗೆ ಅನ್ನಿಸಿತು. ಅವಳ ಕಣ್ಣಿನ ಅಂಚೂ ಮಗುವಿನ ಹಾಗೆಯೇ ಕೆಂಪಾಗಿತ್ತು.

ಅಣ್ಣ ನಿಧಾನವಾಗಿ ಕೇಳಿದ, "ಲಾರಿ ಹತ್ರ ನಾನ್ ಕೇಳ್ದಾಗ ಏನಂದೆ ನೀನು?"

"ಸರಿ ಅದೆ ಅಂದೆ."

"ಆಗ ಗೊತ್ತಿತ್ತಾ ಇದೆಲ್ಲಾ?"

"ಗೊತ್ತಿತ್ತು ಅಣ್ಣಾ. ದುರೈ ಮೇಸ್ತ್ರಿ ಹೇಳಿದ್ರು. ಮನೇಲಿ ಹೇಳು ಅಂತ."

"ಮತ್ಯಾಕೆ ಹೇಳ್ಲಿಲ್ಲೆ?"

ಸುಳ್ಳು ಹೇಳಬಹುದಿತ್ತು. ಮರೆತೆ ಎನ್ನಬಹುದಿತ್ತು. ಆಗ ಮಿಕ್ಕಿದ್ದನ್ನೂ ನಂಬುವುದಿಲ್ಲ ಎನ್ನಿಸಿತು. ಪೂರ್ತಿ ನಿಜ ಹೇಳಿದರೆ ಪೂರ್ತಿ ನಂಬುತ್ತಾರೆ ಎಂದುಕೊಂಡೆ.

"ಹೊಟ್ಟೆಕಿಚ್ಚು ಅಣ್ಣಾ. ಆ ಮನೆ ನಂಗೆ ಬೇಕಿತ್ತು."

ಅಮ್ಮ ಇಕ್ಕಳ ಕೆಳಗಿಟ್ಟಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಕಳೆದುಹೋದ ವಸ್ತು ಸಿಕ್ಕಿದವಳ ಹಾಗಿದ್ದಳು.

"ಕೇಳಿದ್ರಾ? ಅವಳ ಬಾಯಿಂದಲೇ ಬಂತು. ಬೋರ್ಡು ಗೀರ್ಡು ಅಂತ ಇನ್ಯಾಕೆ ಹುಡುಕೋದು?"

ಅಣ್ಣ ಮನೆಯ ಕಡೆ ನೋಡಿದ. ಹೊರಗಿನ ಬಿಳಿ ಗೋಡೆ, ಅಗಲದ ಕಿಟಕಿ, ನಾಲ್ಕು ಕಲ್ಲಿನ ಮೇಲೆ ನೆಟ್ಟಗೆ ಕೂತಿತ್ತು. ಆಮೇಲೆ ನನ್ನನ್ನು ನೋಡಿದ. ಎರಡರಲ್ಲಿ ಯಾವುದರಲ್ಲಿ ದೋಷವಿದೆ ಎಂದು ತೂಗುತ್ತಿದ್ದಾನೆಂದು ನನಗೆ ಗೊತ್ತಾಯಿತು. ಅಷ್ಟು ಚೆಂದದ ಮನೆ. ಅವನು ಒಂದು ಹೆಜ್ಜೆ ಸರಿದು ನನ್ನ ಮತ್ತು ಸತ್ಯಾಳ ನಡುವೆ ನಿಂತ. ಬಿಸಿಲು ಜಾಸ್ತಿಯಾಗಿದೆ, ಕೂಸನ್ನು ಒಳಗೆ ಕರೆದುಕೊಂಡು ಹೋಗು ಎಂದು ಅವಳಿಗೆ ಹೇಳಿದ. ಸತ್ಯಾ ಕದಲಲಿಲ್ಲ. ಹೋಗಲೂ ಇಲ್ಲ, ಇರುತ್ತೇನೆ ಎನ್ನಲೂ ಇಲ್ಲ. ಸೆರಗಿನ ಒಳಗೆ ಕುಟ್ಟಿ ಉಸಿರೆಳೆಯುವುದು ಕೇಳಿಸುತ್ತಿತ್ತು.

ನಾನು ಹತ್ತಿರ ಹೋಗಲಿಲ್ಲ. ಕೈ ಚಾಚಲೂ ಇಲ್ಲ.

"ನಾನು ಅತ್ತೆ ಮನೆಗೆ ಬತ್ತಲಗುಂಡಿಗೆ ಹೋಗ್ತೀನಿ. ಸತ್ಯಾ ಕಣ್ಣಿಗೆ ಬೀಳಲ್ಲ, ಬಸ್ಸಿಗೆ ಈಗ್ಲೇ ಹೊರಡ್ತೀನಿ" ಎಂದೆ. "ಕೂಸನ್ನ ಮಾತ್ರ ಇವತ್ತಿಂದ ಹಳೇ ಮನೇಲಿ ಮಲಗಿಸಿ."

ಚೀಲ ತೆಗೆದುಕೊಳ್ಳಲು ಹಳೆಯ ಮನೆಯ ಕಡೆ ಹೊರಟೆ.